ಉಪದೇಶ ಸಾಕು, ರಗ್ಗು ಮಾರುವವನ ಸುದ್ದಿ ಬರೆಯಿರಿ

(‘ಮಾಧ್ಯಮ ನೈತಿಕತೆ: ಎತ್ತ ಸಾಗುತ್ತಿದೆ ನಾಲ್ಕನೇ ಸ್ತಂಭ?’ ಎಂಬ ಲೇಖನ ಕಳಿಸಿದ್ದ ಹೊಸ ಬರಹಗಾರರೊಬ್ಬರಿಗೆ ಸಂಪಾದಕರು ಬರೆದ ಉತ್ತರ ಇದು. ಬೇರೆಯವರಿಗೂ ಉಪಯೋಗವಾಗಲಿ ಅಂತ, ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು ಪ್ರಕಟಿಸಿದ್ದೇವೆ.)

ನಮಸ್ಕಾರ.

ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ‘ಪರಿಶೀಲನೆಯಲ್ಲಿದೆ’ ಅಂತ ತಿಂಗಳುಗಟ್ಟಲೆ ಕಾಯಿಸುವ ಸಂಪಾದಕರನ್ನು ಕಂಡರೆ ನನಗೂ ಆಗದು. ಆದರೆ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆಯಲ್ಲ, ಅದಕ್ಕೋಸ್ಕರ ಇಷ್ಟುದ್ದ ಉತ್ತರ ಬರೆಯುತ್ತಿದ್ದೇನೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲ ಎರಡು ಪುಟ ಪೂರ್ತಿ ಹೊಡೆದು ಹಾಕಿ. ನಾಲ್ಕನೇ ಸ್ತಂಭ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು, ಸ್ವಾತಂತ್ರ್ಯ ಹೋರಾಟ, ಗಾಂಧೀಜಿ. ಯಾವುದೂ ಸುಳ್ಳಲ್ಲ. ಆದರೆ ಪ್ರತಿ ಜುಲೈ ಬಂತೆಂದರೆ ಪತ್ರಿಕಾ ದಿನಾಚರಣೆಯ ವೇದಿಕೆಗಳಲ್ಲಿ ಶಾಲು ಹೊದೆಸಿಕೊಂಡವರು ಇದೇ ಭಾಷಣವನ್ನು ಇದೇ ಕ್ರಮದಲ್ಲಿ ಮಾಡುತ್ತಾರೆ. ಕೆಳಗೆ ಕೂತವರು ಊಟ ಯಾವಾಗ ಅಂತ ನೋಡುತ್ತಿರುತ್ತಾರೆ. ಓದುಗರಿಗೆ ಆ ಮುಲಾಜೂ ಇಲ್ಲ. ಪುಟ ತಿರುಗಿಸಿ ಮುಂದೆ ಹೋಗುತ್ತಾರೆ, ಅಷ್ಟೇ.

ಮೂರನೇ ಪುಟಕ್ಕೆ ಬರೋಣ. ‘ಮಾಧ್ಯಮಗಳು ಅಂಕಿ ಅಂಶಗಳನ್ನು ತಿರುಚುತ್ತವೆ’ ಅಂತ ಬರೆದಿದ್ದೀರಿ. ಅದರ ಮುಂದಿನ ಸಾಲಿನಲ್ಲೇ ‘ಇಂದು ಶೇ 80ರಷ್ಟು ಜನ ಮಾಧ್ಯಮಗಳನ್ನು ನಂಬುವುದಿಲ್ಲ’ ಅಂತಲೂ ಇದೆ. ಈ 80 ಎಲ್ಲಿಂದ ಬಂತು? ಯಾರು, ಯಾವಾಗ, ಯಾರನ್ನು ಕೇಳಿದರು? ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನವರು ಪ್ರತಿವರ್ಷ ಇಂಥದ್ದೊಂದು ಸಮೀಕ್ಷೆ ಮಾಡುತ್ತಾರೆ. ಅವರ 2021ರ ವರದಿಯಲ್ಲಿ ಭಾರತದಲ್ಲಿ ಸುದ್ದಿಯನ್ನು ನಂಬುತ್ತೇವೆ ಎಂದವರು ಶೇ 38. ಅದನ್ನಾದರೂ ಬಳಸಬಹುದಿತ್ತು. ಬಳಸಿದರೆ ಇನ್ನೊಂದು ಮಾತನ್ನೂ ಸೇರಿಸಬೇಕು: ಅವರು ಕೇಳಿದ್ದು ಹೆಚ್ಚಾಗಿ ಇಂಗ್ಲಿಷ್ ಬಲ್ಲ, ಇಂಟರ್ನೆಟ್‌ನಲ್ಲಿ ಸುದ್ದಿ ನೋಡುವ ಜನರನ್ನು. ನಿಮ್ಮ ಊರಿನ ಸಂತೆಗೆ ಬರುವವರು ಆ ಲೆಕ್ಕದಲ್ಲಿ ಇಲ್ಲ. ಸಂತೆಯವರು ಏನನ್ನುತ್ತಾರೆ ಅಂತ ತಿಳಿಯಬೇಕಾದರೆ ನೀವೇ ಹೋಗಿ ಕೇಳಬೇಕು.

ಆಮೇಲೆ, ‘ಬಲ್ಲ ಮೂಲಗಳ ಪ್ರಕಾರ ಜಿಲ್ಲೆಯ ಎಲ್ಲ ಪತ್ರಕರ್ತರೂ ಕವರ್ ತೆಗೆದುಕೊಳ್ಳುವವರೇ’. ಯಾರು ಈ ಬಲ್ಲ ಮೂಲ? ಟೀ ಅಂಗಡಿಯಲ್ಲಿ ಕೇಳಿದ ಮಾತಾದರೆ ಟೀ ಅಂಗಡಿ ಅಂತಲೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಕವರ್, ಅಂದರೆ ಲಕೋಟೆಯಲ್ಲಿಟ್ಟು ಕೊಡುವ ದುಡ್ಡು, ಇಲ್ಲ ಅಂತ ನಾನು ಹೇಳುತ್ತಿಲ್ಲ. ಸುದ್ದಿಗೋಷ್ಠಿಗೆ ಹೋದವರಿಗೆಲ್ಲ ಅದು ಗೊತ್ತು. 2022ರ ದೀಪಾವಳಿ ಹೊತ್ತಿಗೆ ಬೆಂಗಳೂರಿನ ಕೆಲವು ಪತ್ರಕರ್ತರಿಗೆ ಮುಖ್ಯಮಂತ್ರಿ ಕಚೇರಿ ಕಡೆಯಿಂದ ಸ್ವೀಟ್ ಬಾಕ್ಸ್ ಜೊತೆ ನಗದೂ ಹೋಯಿತು ಎಂಬ ಆರೋಪ ದೊಡ್ಡ ಸುದ್ದಿಯಾಗಿತ್ತು. ಲೋಕಾಯುಕ್ತಕ್ಕೆ ದೂರೂ ಹೋಯಿತು. ಮುಖ್ಯಮಂತ್ರಿ ಆರೋಪವನ್ನು ಅಲ್ಲಗಳೆದರು. ಆದರೆ ಡಬ್ಬಿ ವಾಪಸ್ ಕಳಿಸಿದ ವರದಿಗಾರರೂ ಇದ್ದರು ಅಂತ ಆಗಲೇ ವರದಿಯಾಗಿತ್ತು. ‘ಎಲ್ಲರೂ’ ಅಂತ ಬರೆದರೆ ವಾಪಸ್ ಕಳಿಸಿದವರಿಗೂ ಅದೇ ಮಸಿ ಬಳಿದ ಹಾಗಾಯಿತು. ತೆಗೆದುಕೊಂಡವರಿಗೆ ಇದರಿಂದ ನಷ್ಟವೇನಿಲ್ಲ. ಗುಂಪಿನಲ್ಲಿ ಗೋವಿಂದ ಅಂತ ಆರಾಮಾಗಿ ಇರುತ್ತಾರೆ.

ಪೇಯ್ಡ್ ನ್ಯೂಸ್, ಅಂದರೆ ದುಡ್ಡು ಪಡೆದು ಜಾಹೀರಾತನ್ನೇ ಸುದ್ದಿ ಅಂತ ಹಾಕುವುದರ ಬಗ್ಗೆ ನಿಮಗಿರುವ ಸಿಟ್ಟು ಸರಿಯಾದದ್ದೇ. ಆದರೆ ಒಂದು ಪುಟ ತುಂಬ ಬರೀ ಸಿಟ್ಟೇ ಇದೆ, ಒಂದು ಉದಾಹರಣೆ ಇಲ್ಲ. ಇದನ್ನೇ ಪತ್ರಕರ್ತ ಪಿ. ಸಾಯಿನಾಥ್ ಹೇಗೆ ಬರೆದರು ನೋಡಿ. 2009ರಲ್ಲಿ ಮಹಾರಾಷ್ಟ್ರ ವಿಧಾನಸಭೆ ಚುನಾವಣೆ. ಆಗಿನ ಮುಖ್ಯಮಂತ್ರಿಯನ್ನು ಹೊಗಳುವ ಬರಹವೊಂದು, ಒಂದಕ್ಕೊಂದು ಪೈಪೋಟಿ ನಡೆಸುವ ಮರಾಠಿ ಪತ್ರಿಕೆಗಳಲ್ಲಿ ಪದಕ್ಕೆ ಪದ ಒಂದೇ ಥರ ಅಚ್ಚಾಗಿತ್ತು. ಜಾಹೀರಾತು ಅಂತ ಎಲ್ಲೂ ಇರಲಿಲ್ಲ. ಸಾಯಿನಾಥ್ ಆ ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಆಮೇಲೆ ಅದೇ ಮುಖ್ಯಮಂತ್ರಿ ಅಭ್ಯರ್ಥಿಯಾಗಿ ಕೊಟ್ಟಿದ್ದ ಚುನಾವಣಾ ವೆಚ್ಚದ ಲೆಕ್ಕ ತೆಗೆದರು. ಪತ್ರಿಕಾ ಜಾಹೀರಾತಿಗೆ ಅಂತ ಅದರಲ್ಲಿ ತೋರಿಸಿದ್ದು 5,379 ರೂಪಾಯಿ. ಪುಟಗಟ್ಟಲೆ ಹೊಗಳಿಕೆ ಒಂದು ಕಡೆ, 5,379 ರೂಪಾಯಿ ಇನ್ನೊಂದು ಕಡೆ. ‘ದಿ ಹಿಂದೂ’ನಲ್ಲಿ ಇದು ಬಂದ ಮೇಲೆ ದೇಶವೆಲ್ಲ ಮಾತಾಡಿತು. (ಆ ಲೆಕ್ಕದ ವಿಷಯ ಮುಂದೆ ಚುನಾವಣಾ ಆಯೋಗಕ್ಕೂ ಹೋಯಿತು. ಆಯೋಗ ಕೊಟ್ಟ ನೋಟಿಸನ್ನು 2014ರಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡಿತು. ಕಥೆ ಎತ್ತಿಕೊಂಡರೆ ಈ ಭಾಗವನ್ನೂ ಹೇಳಬೇಕು, ನಮ್ಮ ವಾದಕ್ಕೆ ಹೊಂದದಿದ್ದರೂ.)

ಪೇಯ್ಡ್ ನ್ಯೂಸ್ ವಿಷಯಕ್ಕೇ ಪ್ರೆಸ್ ಕೌನ್ಸಿಲ್ (ಪತ್ರಿಕೆಗಳ ನಡತೆ ಮೇಲೆ ಕಣ್ಣಿಡುವ ಸಂಸ್ಥೆ) ಇಬ್ಬರು ಸದಸ್ಯರ ಉಪಸಮಿತಿ ಮಾಡಿತ್ತು. ಅವರು 71 ಪುಟದ ವರದಿ ಕೊಟ್ಟರು. ಯಾವ ಪತ್ರಿಕೆ ಏನು ಮಾಡಿತು ಅಂತ ಹೆಸರು ಸಮೇತ ಅದರಲ್ಲಿತ್ತು. 2010ರಲ್ಲಿ ಕೌನ್ಸಿಲ್ ಅದನ್ನು ಪಕ್ಕಕ್ಕಿಟ್ಟು ಚುಟುಕು ವರದಿ ಹೊರಗೆ ಬಿಟ್ಟಿತು. ಪೂರ್ತಿ ವರದಿ ಜನರ ಕೈಗೆ ಸಿಕ್ಕಿದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ. ‘ಪ್ರೆಸ್ ಕೌನ್ಸಿಲ್ ಕೂಡಲೇ ಇಂಥ ಚಾನೆಲ್‌ಗಳ ಲೈಸೆನ್ಸ್ ರದ್ದು ಮಾಡಬೇಕು’ ಅಂತ ನೀವು ಬರೆದಿದ್ದೀರಲ್ಲ, ಅದನ್ನು ಓದಿ ಇದು ನೆನಪಾಯಿತು. ಪ್ರೆಸ್ ಕೌನ್ಸಿಲ್ ವ್ಯಾಪ್ತಿ ಪತ್ರಿಕೆ ಮತ್ತು ಸುದ್ದಿ ಸಂಸ್ಥೆಗಳಿಗೆ ಮಾತ್ರ. ಟಿವಿ ಅದರ ಕೆಳಗೆ ಬರುವುದಿಲ್ಲ. ಪತ್ರಿಕೆಗಳಿಗೂ ಅದು ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಹಾಗಿಲ್ಲ, ಮುಚ್ಚಿಸುವ ಹಾಗಿಲ್ಲ. ಸುಮ್ನೆ ‘ಕ್ರಮ ಕೈಗೊಳ್ಳಲಿ’ ಅಂತ ಬರೆಯುವುದಕ್ಕಿಂತ ಓದುಗರು ಏನು ಮಾಡಬಹುದು ಅಂತ ಹೇಳಿದ್ದರೆ ಉಪಯೋಗವಿತ್ತು. ಮೊದಲು ಸಂಪಾದಕರಿಗೆ ಬರೆಯಬೇಕು. ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೌನ್ಸಿಲ್‌ಗೆ ದೂರು ಕೊಡಬಹುದು. ಇದು ಎಷ್ಟು ಜನರಿಗೆ ಗೊತ್ತು?

ಇನ್ನೊಂದು ವಿಷಯದಲ್ಲಿ ಮಾತ್ರ ಮೃದುವಾಗಿ ಹೇಳಲು ನನ್ನಿಂದ ಆಗದು. ಐದನೇ ಪುಟದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬಾಲಕಿಯೊಬ್ಬಳ ಪ್ರಕರಣ ಎತ್ತಿಕೊಂಡಿದ್ದೀರಿ. ಚಾನೆಲ್‌ಗಳು ಸೂಕ್ಷ್ಮವಿಲ್ಲದೆ ತೋರಿಸಿದವು ಎಂಬುದು ನಿಮ್ಮ ದೂರು. ಅವಳ ಹೆಸರು ನೀವು ಬರೆದಿಲ್ಲ, ಸರಿ. ಆದರೆ ಊರಿನ ಹೆಸರು ಇದೆ. ಯಾವ ಶಾಲೆ, ಎಷ್ಟನೇ ಕ್ಲಾಸು, ಅಪ್ಪನಿಗೆ ಯಾವ ಕೆಲಸ, ಎಲ್ಲ ಇದೆ. ಆ ಊರಿನಲ್ಲಿ ಇಷ್ಟು ಹೊಂದುವ ಮನೆ ಎಷ್ಟಿರುತ್ತವೆ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ತಡೆಯುವುದು ಹೆಸರನ್ನಷ್ಟೇ ಅಲ್ಲ. ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಬಿಡುವುದಿಲ್ಲ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಇದನ್ನು ಮತ್ತೆ ಬಿಡಿಸಿ ಹೇಳಿತು: ಸುತ್ತುಬಳಸಿಯೂ ಗುರುತು ಸಿಗಬಾರದು. ಅದೇ ವರ್ಷ ಜಮ್ಮು ಕಡೆಯ ಕಠುವಾದ ಬಾಲಕಿಯ ಮೇಲಿನ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಅವಳ ಗುರುತು ಬಯಲು ಮಾಡಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಅವೆಲ್ಲ ದೊಡ್ಡ ದೊಡ್ಡ ಹೆಸರುಗಳು, ಡೆಸ್ಕಿನಲ್ಲಿ ಅನುಭವಿಗಳಿದ್ದ ಜಾಗ. ನಿಮ್ಮ ಲೇಖನದ ಆ ಭಾಗವನ್ನು ನಾವು ಅಳಿಸಿದ್ದೇವೆ. ನಿಮ್ಮ ಹತ್ತಿರ ಇರುವುದನ್ನೂ ಅಳಿಸಿ. ಬೇರೆ ಕಡೆಗೆ ಕಳಿಸಿದ್ದರೆ ಇವತ್ತೇ ಫೋನ್ ಮಾಡಿ ತೆಗೆಸಿ.

ಈಗ ಆರನೇ ಪುಟ. ನೀವು ಬರೆದದ್ದನ್ನೇ ಇಲ್ಲಿ ಇಡುತ್ತೇನೆ:

‘ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ರಗ್ಗು ಮಾರುವವನೊಬ್ಬನನ್ನು ಮಕ್ಕಳ ಕಳ್ಳ ಅಂತ ಹಿಡಿದುಕೊಂಡರು. ಲೋಕಲ್ ಚಾನೆಲ್ ಒಂದು ಅವನ ಫೋಟೊ ಹಾಕಿತು. ಸಂಜೆ ಪೊಲೀಸರು ಬಿಟ್ಟು ಕಳಿಸಿದರು. ಫೋಟೊ ಮಾತ್ರ ಈಗಲೂ ಹಾಗೇ ಇದೆ. ಪಕ್ಕದ ಮನೆ ಅಜ್ಜಿ ರಗ್ಗಿನವರು ಬಂದರೆ ಈಗಲೂ ಬಾಗಿಲು ಹಾಕಿಕೊಳ್ಳುತ್ತಾರೆ.’

ಇಷ್ಟೇ. ಆಮೇಲೆ ‘ಇಂಥ ಘಟನೆಗಳು ಸಮಾಜಕ್ಕೆ ಮಾರಕ’ ಅಂತ ಹೇಳಿ ಏಳನೇ ಪುಟಕ್ಕೆ ಹೊರಟುಹೋಗಿದ್ದೀರಿ. ನಿಮ್ಮ ಇಡೀ ಲೇಖನ ಇರುವುದು ಇಲ್ಲೇ ಅಲ್ವಾ? ಜನರ ನಂಬಿಕೆ ಏನಾಯಿತು ಅಂತ ಎಂಟು ಪುಟ ಹುಡುಕಿದ್ದೀರಿ, ಅದು ಅಜ್ಜಿಯ ಬಾಗಿಲಲ್ಲೇ ಇದೆ. ಅಜ್ಜಿ ಚಾನೆಲ್ ಅನ್ನು ನಂಬಿದರು, ಅದಕ್ಕೇ ಬಾಗಿಲು ಹಾಕಿಕೊಂಡರು. ‘ಜನ ಮಾಧ್ಯಮವನ್ನು ನಂಬುವುದಿಲ್ಲ’ ಎಂಬ ನಿಮ್ಮ ಮಾತಿಗೆ ನಿಮ್ಮ ಪ್ಯಾರಾನೇ ಉಲ್ಟಾ ಸಾಕ್ಷಿ ಹೇಳುತ್ತಿದೆ.

ಇದು ಸಣ್ಣ ವಿಷಯ ಅಂತ ಅಂದುಕೊಳ್ಳಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಕಡೆ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಇದೇ ಅನುಮಾನದ ಮೇಲೆ ಜನ ಹೊಡೆದು ಕೊಂದರು. ಎರಡು ತಿಂಗಳಲ್ಲಿ, ಜುಲೈ 13ರಂದು, ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಇನ್ನೊಂದು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಹೋಯಿತು. ಮುರ್ಕಿಯಲ್ಲಿ ದಾರಿ ಕಟ್ಟಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಸತ್ತ. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಓಡಾಡಿದ ಒಂದು ವಿಡಿಯೊ ಇತ್ತು, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ವಿಡಿಯೊ. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ನಿಮ್ಮೂರ ಚಾನೆಲ್ ಮಾಡಿದ್ದೂ ಇದನ್ನೇ. ಹಿಡಿದಿದ್ದನ್ನು ಹಾಕಿತು, ಬಿಟ್ಟಿದ್ದನ್ನು ಹಾಕಲಿಲ್ಲ.

ಹಾಗಾದರೆ ಏನು ಮಾಡಬೇಕು? ಠಾಣೆಗೆ ಹೋಗಿ. ಎಫ್‌ಐಆರ್ ಆಗಿತ್ತಾ, ಸುಮ್ನೆ ವಿಚಾರಿಸಿ ಬಿಟ್ಟರಾ, ಎಷ್ಟು ಹೊತ್ತಿಗೆ ಬಿಟ್ಟರು, ಅವನು ಕಳ್ಳನಲ್ಲ ಅಂತ ಪೊಲೀಸರು ಯಾರಿಗಾದರೂ ಹೇಳಿದರಾ, ಕೇಳಿ. ಪಿಎಸ್‌ಐ ಹೆಸರು, ದಿನಾಂಕ ಬರೆದುಕೊಳ್ಳಿ. ಚಾನೆಲ್ ನಡೆಸುವವರಿಗೆ ಫೋನ್ ಮಾಡಿ. ಇದನ್ನು ತಪ್ಪಿಸಬೇಡಿ, ಹೊಸಬರು ತಪ್ಪಿಸುವುದೇ ಇದನ್ನು. ಪಕ್ಕದೂರಿನವರೇ ಆಗಿರುತ್ತಾರೆ, ಮುಖ ನೋಡಬೇಕಾಗುತ್ತದೆ, ಮುಜುಗರ. ಆದರೂ ಕೇಳಿ: ಫೋಟೊ ಹಾಕುವ ಮುಂಚೆ ಯಾರನ್ನು ಕೇಳಿದಿರಿ? ಬಿಡುಗಡೆಯಾದದ್ದು ಗೊತ್ತಾ? ಯಾಕೆ ತೆಗೆದಿಲ್ಲ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ‘ವ್ಯೂಸ್ ಬರ್ತಾ ಇತ್ತು’ ಅಂದರೆ ಹಾಗೇ ಇರಲಿ. ‘ಮರೆತುಹೋಯ್ತು’ ಅಂದರೂ ಹಾಗೇ ಇರಲಿ. ನಿಮ್ಮ ಕಡೆಯಿಂದ ಬೈಗುಳ ಬೇಡ. ಒಬ್ಬನೇ ಕ್ಯಾಮೆರಾ, ಎಡಿಟಿಂಗ್, ಜಾಹೀರಾತು ವಸೂಲಿ ಎಲ್ಲ ಮಾಡುವ ಚಾನೆಲ್ ಆಗಿದ್ದರೆ ಅದೂ ಓದುಗರಿಗೆ ತಿಳಿಯಲಿ.

ಎರಡು ಕಡೆ ಕೇಳುವುದು ಶಿಷ್ಟಾಚಾರ ಅಷ್ಟೇ ಅಂತ ಅನ್ನಿಸಬಹುದು. 2007ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ತಳ್ಳುತ್ತಿದ್ದಾರೆ ಅಂತ ಸುದ್ದಿ ಚಾನೆಲ್ ಒಂದು ಕುಟುಕು ಕಾರ್ಯಾಚರಣೆ ತೋರಿಸಿತು. ಜನ ಶಾಲೆಗೆ ನುಗ್ಗಿದರು, ಶಿಕ್ಷಕಿಯ ಬಟ್ಟೆ ಹರಿಯುವ ಹಾಗೆ ಎಳೆದಾಡಿ ಹೊಡೆದರು. ಅವರ ಕೆಲಸ ಹೋಯಿತು, ಬಂಧನವೂ ಆಯಿತು. ತನಿಖೆಯಲ್ಲಿ ಇಡೀ ಕಾರ್ಯಾಚರಣೆ ಕಟ್ಟುಕಥೆ ಅಂತ ಗೊತ್ತಾಯಿತು. ವಿಡಿಯೊದಲ್ಲಿ ವಿದ್ಯಾರ್ಥಿನಿ ಎಂದು ತೋರಿಸಿದ್ದ ಹುಡುಗಿ ಆ ಶಾಲೆಯವಳೇ ಅಲ್ಲ. ಪತ್ರಕರ್ತೆಯಾಗಬೇಕು ಅಂತ ಆಸೆ ಇಟ್ಟುಕೊಂಡು ಬಂದವಳು. ಕೇಂದ್ರ ಸರ್ಕಾರ ಚಾನೆಲ್ ಅನ್ನು ಒಂದು ತಿಂಗಳು ಬಂದ್ ಮಾಡಿಸಿತು. ‘ಈ ಹುಡುಗಿ ನಿಮ್ಮ ಶಾಲೆಯವಳಾ?’ ಅಂತ ಪ್ರಸಾರಕ್ಕೆ ಮುಂಚೆ ಹೆಡ್‌ಮೇಡಂ ಹತ್ತಿರ ಯಾರಾದರೂ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ರಗ್ಗು ಮಾರುವವನನ್ನೂ ಹುಡುಕಿ. ಇವರು ಸಾಮಾನ್ಯವಾಗಿ ನಾಲ್ಕೈದು ಜನ ಸೇರಿ ಒಂದು ರೂಮ್ ಬಾಡಿಗೆಗೆ ಹಿಡಿದಿರುತ್ತಾರೆ. ಓನರ್ ಸಿಕ್ಕರೆ ಸುಳಿವು ಸಿಗುತ್ತದೆ. ಹಿಂದಿ ಬಾರದಿದ್ದರೆ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ. ಸಿಕ್ಕರೂ ಮಾತಾಡಲು ಒಪ್ಪಲೇಬೇಕು ಅಂತಿಲ್ಲ. ಒಪ್ಪದಿದ್ದರೆ ಬಿಟ್ಟುಬಿಡಿ, ಹಿಂದೆ ಬೀಳಬೇಡಿ. ಒಪ್ಪಿದರೂ ಹೆಸರು, ಊರು, ಮುಖ ಬೇಡ. ಒಂದು ಸಲ ಮುಖ ಹೊರಗೆ ಬಂದು ಆಗಿರುವುದು ಸಾಕು. ಚಾನೆಲ್‌ನ ಸ್ಕ್ರೀನ್‌ಶಾಟ್ ಅನ್ನು ಸಾಕ್ಷಿಗೆ ಅಂತ ನಮಗೆ ಕಳಿಸಿ, ಅಚ್ಚಿಗಲ್ಲ.

ಅಜ್ಜಿಯನ್ನು ಕೊನೆಗೆ ಕೇಳಿ. ಅವನನ್ನು ಪೊಲೀಸರು ಬಿಟ್ಟು ಕಳಿಸಿದ್ದು ಅವರಿಗೆ ಗೊತ್ತಿದೆಯಾ? ಗೊತ್ತಿದ್ದೂ ಬಾಗಿಲು ಹಾಕಿಕೊಳ್ಳುತ್ತಾರಾ, ಅಥವಾ ಯಾರೂ ಹೇಳೇ ಇಲ್ಲವಾ? ಈ ಎರಡರಲ್ಲಿ ಯಾವುದು ಅನ್ನುವುದರ ಮೇಲೆ ನಿಮ್ಮ ಲೇಖನದ ದಿಕ್ಕು ನಿಂತಿದೆ. ನನಗೂ ಗೊತ್ತಿಲ್ಲ, ನಿಮಗೂ ಈಗ ಗೊತ್ತಿಲ್ಲ. ಅದಕ್ಕೇ ಓದಲು ಆಸೆ.

900 ಪದ ಸಾಕು. ‘ಮಾಧ್ಯಮ ನೈತಿಕತೆ’ ಎಂಬ ಪದ ಒಂದು ಸಲವೂ ಬರದಿದ್ದರೆ ಸಂತೋಷ. ಗಡುವು ಏನಿಲ್ಲ, ಆದರೆ ಶಾಲೆ ರಜೆ ಬರುವ ಮುಂಚೆ ಸಿಕ್ಕರೆ ಒಳ್ಳೆಯದು, ಮಕ್ಕಳ ಕಳ್ಳರ ವದಂತಿ ರಜೆಯಲ್ಲಿ ಜಾಸ್ತಿ ಓಡಾಡುತ್ತದೆ ಅಂತ ನನ್ನ ಅನಿಸಿಕೆ. ಯಾರ ಹತ್ತಿರ ಯಾವಾಗ ಮಾತಾಡಿದಿರಿ ಅನ್ನುವ ಪಟ್ಟಿ ಬೇರೆ ಹಾಳೆಯಲ್ಲಿ ಇರಲಿ, ನಮ್ಮ ಡೆಸ್ಕಿನವರು ಅವರಿಗೆಲ್ಲ ಫೋನ್ ಮಾಡಿ ಕೇಳುತ್ತಾರೆ. ಅದು ನಿಮ್ಮ ಮೇಲೆ ಅನುಮಾನ ಅಲ್ಲ, ಎಲ್ಲರಿಗೂ ಮಾಡುತ್ತೇವೆ. ಸಂಭಾವನೆ ಜಾಸ್ತಿ ಇಲ್ಲ. ಓಡಾಟದ ಬಸ್ ಚಾರ್ಜ್ ಕೊಡುತ್ತೇವೆ, ಟಿಕೆಟ್ ಇಟ್ಟುಕೊಳ್ಳಿ.

ಇಂತಿ,
ಸಂಪಾದಕ