ಮಜ್ದಾ ಆರ್‌ಎಕ್ಸ್-7 ಮತ್ತೆ ಬರಬೇಕಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. 2002ರಲ್ಲಿ ನಿಂತುಹೋದ ಆರ್‌ಎಕ್ಸ್-7 ಸ್ಪೋರ್ಟ್ಸ್ ಕೂಪೆಯನ್ನು ಮಜ್ದಾ ಮತ್ತೆ ಮಾಡಬೇಕಾ ಅನ್ನೋದು ಮೊದಲನೆಯದು. ರೋಟರಿ ಎಂಜಿನ್ ಬಿಟ್ಟು ಪೂರ್ತಿ ಎಲೆಕ್ಟ್ರಿಕ್ ಆಗಿ ತಂದರೂ ಸಾಕಲ್ವಾ ಅನ್ನೋದು ಎರಡನೆಯದು. ಮೊದಲನೆಯದಕ್ಕೆ ಹೌದು ಅಂತೀನಿ. ಎರಡನೆಯದಕ್ಕೆ ಖಂಡಿತ ಬೇಡ. ರೋಟರಿ ಹಾಕೋಕೆ ಆಗದಿದ್ದರೆ ಆ ಹೆಸರನ್ನು ಮುಟ್ಟದೆ ಬಿಡಲಿ.

ನಾನು ಎಂಜಿನ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಹಾಗಾಗಿ ಎಂಜಿನ್ನಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಮಜ್ದಾ ಅಂದರೆ ಜಾಸ್ತಿ ಜನಕ್ಕೆ ನೆನಪಾಗೋದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಆ ಹೆಸರಿನ ಹಿಂದಿದ್ದ ಹಿರೋಷಿಮಾದ ಕಂಪನಿಯೇ ರೋಟರಿ ಎಂಜಿನ್ನನ್ನು ಬೇರೆಯವರೆಲ್ಲ ಕೈಬಿಟ್ಟ ಮೇಲೂ ಹಿಡಿದುಕೊಂಡಿದ್ದು.

ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ರೋಟರಿಯಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಬದಿಗಳು ಸ್ವಲ್ಪ ಉಬ್ಬಿದ ಒಂದು ತ್ರಿಕೋನದ ರೋಟರ್ ಇದೆ. ಅದು ತಿರುಗುವ ಗೂಡು ಎರಡು ಬೀಜದ ಕಡಲೆಕಾಯಿಯ ಹಾಗೆ ನಡುವೆ ಸ್ವಲ್ಪ ಒತ್ತಿಕೊಂಡಿರುತ್ತದೆ. ರೋಟರಿನ ಮೂರು ಮೂಲೆಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ತಿರುಗುತ್ತವೆ. ಮೂರು ಬದಿಯಲ್ಲಿ ಮೂರು ಜಾಗ ಉಳಿಯುತ್ತದೆ. ಒಂದು ಬದಿ ಗಾಳಿ ಪೆಟ್ರೋಲ್ ಎಳೆದುಕೊಳ್ಳುವಾಗ ಇನ್ನೊಂದರಲ್ಲಿ ಉರಿ ನಡೆದಿರುತ್ತದೆ, ಮತ್ತೊಂದು ಹೊಗೆ ಹೊರಗೆ ತಳ್ಳುತ್ತಿರುತ್ತದೆ. ಎಲ್ಲವೂ ತಿರುಗುವ ಚಲನೆಯೇ. ಅದಕ್ಕೇ ಆ ನುಣುಪು, ಅದಕ್ಕೇ 8,000 ಆರ್‌ಪಿಎಂವರೆಗೆ ಸಲೀಸಾಗಿ ಏರುವ ಗುಣ.

ಈ ಎಂಜಿನ್ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆ. ಅದನ್ನು ಬೆಳೆಸಿದ್ದು ಎನ್‌ಎಸ್‌ಯು ಕಂಪನಿ. 1961ರಲ್ಲಿ ಮಜ್ದಾ ಅದರ ಲೈಸೆನ್ಸ್ ತಗೊಂಡಿತು. ಆಗ ಕಂಪನಿಯ ಹೆಸರು ಟೋಯೋ ಕೋಗ್ಯೋ. ಸಣ್ಣ ಕಾರ್ ಕಂಪನಿಗಳನ್ನು ದೊಡ್ಡವುಗಳ ಜೊತೆ ಸೇರಿಸಬೇಕು ಅಂತ ಜಪಾನ್ ಸರ್ಕಾರ ಯೋಚಿಸುತ್ತಿದ್ದ ಕಾಲ ಅದು. ಬೇರೆ ಯಾರ ಹತ್ತಿರವೂ ಇಲ್ಲದ ಒಂದು ವಿದ್ಯೆ ತಮ್ಮ ಕೈಲಿದ್ದರೆ ಸ್ವಂತವಾಗಿ ಉಳಿಯಬಹುದು ಅನ್ನೋದು ಅಧ್ಯಕ್ಷ ತ್ಸುನೆಜಿ ಮತ್ಸುದಾ ಅವರ ಲೆಕ್ಕ. ಕೆನಿಚಿ ಯಮಾಮೋತೊ ಅವರ ಕೈಕೆಳಗೆ 47 ಎಂಜಿನಿಯರುಗಳ ತಂಡ ಕಟ್ಟಿದರು. ಜಪಾನಿನ ಹಳೇ ಕಥೆಯ 47 ಸಮುರಾಯ್‌ಗಳ ಹೆಸರೇ ಆ ತಂಡಕ್ಕೂ ಅಂಟಿತು.

ಅವರಿಗೆ ಕಾಟ ಕೊಟ್ಟಿದ್ದು ರೋಟರಿನ ಮೂರು ಮೂಲೆಗಳಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್. ಸ್ವಲ್ಪ ಹೊತ್ತು ಓಡಿಸಿದರೆ ಸೀಲ್ ನಡುಗಿ ಗೂಡಿನ ಒಳಗೋಡೆ ತುಂಬಾ ಗೀರು ಬೀಳುತ್ತಿತ್ತು. ಅವರೇ ಅದಕ್ಕೆ ಸೈತಾನನ ಉಗುರಿನ ಗೀರು ಅಂತ ಹೆಸರಿಟ್ಟಿದ್ದರು. ಕೊನೆಗೆ ಕಾರ್ಬನ್ ಜೊತೆ ಅಲ್ಯೂಮಿನಿಯಂ ಬೆರೆಸಿದ ಸೀಲ್ ಹೊಂದಿಕೊಂಡಿತು. 1967ರ ಮೇ ತಿಂಗಳಲ್ಲಿ ಮಜ್ದಾದ ಮೊದಲ ರೋಟರಿ ಕಾರು ಕಾಸ್ಮೋ ಸ್ಪೋರ್ಟ್ ಹೊರಬಂತು. ಟೆಸ್ಟ್ ಬೆಂಚಿನಲ್ಲಿ ಒಂದೇ ತೊಂದರೆ ಹಿಡಿದು ಕೂರುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಆ ಜನರ ಹಠದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆಮೇಲೆ 1973ರ ತೈಲ ಬಿಕ್ಕಟ್ಟು ಬಂತು. ರೋಟರಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅದನ್ನೇ ನಂಬಿದ್ದ ಕಂಪನಿ ಮುಳುಗುವ ಹಂತಕ್ಕೆ ಬಂತು. ಆದರೂ ರೋಟರಿ ಬಿಡಲಿಲ್ಲ. ಇಂಧನ ಬಳಕೆಯನ್ನು 40% ಸುಧಾರಿಸುತ್ತೇವೆ ಅಂತ ಗುರಿ ಇಟ್ಟುಕೊಂಡು ಮತ್ತೆ ಕೆಲಸಕ್ಕೆ ಕೂತರು. ಅದರ ಫಲವೇ 1978ರ ಮೊದಲ ಆರ್‌ಎಕ್ಸ್-7. ಅಂದರೆ ಇದು ಒಮ್ಮೆ ಸತ್ತೇಹೋಯಿತು ಅಂದುಕೊಂಡ ಎಂಜಿನ್ನನ್ನು ಎಬ್ಬಿಸಿ ನಿಲ್ಲಿಸಿದ ಕಾರು. ರೋಟರಿಗೆ ಕಾಲ ಮುಗಿಯಿತು ಅಂತ ಈಗ ಹೇಳುವವರು ಈ ಇತಿಹಾಸ ಒಮ್ಮೆ ನೋಡಬೇಕು.

ಅಭಿಮಾನಿಗಳು ಆರ್‌ಎಕ್ಸ್-7 ಅಂದಾಗ ಕಣ್ಣ ಮುಂದೆ ಬರೋದು ಮೂರನೇ ತಲೆಮಾರಿನ ಎಫ್‌ಡಿ. 1991ರ ಕೊನೆಯಿಂದ 2002ರ ಆಗಸ್ಟ್‌ವರೆಗೆ ಅದನ್ನು ಮಾಡಿದರು. ಚಂದ ನೋಡಲು ಅದಕ್ಕಿಂತ ಒಳ್ಳೆಯ ಜಪಾನಿ ಕಾರು ನಾನಂತೂ ಕಂಡಿಲ್ಲ. ಆದರೆ ಅದರ ನಿಜವಾದ ಗುಟ್ಟು ತೂಕ. ಎರಡು ರೋಟರ್, 1,308 ಸಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಎರಡು ಟರ್ಬೊ. ಇಷ್ಟರಲ್ಲೇ 255 ಎಚ್‌ಪಿಯಿಂದ ಶುರುವಾಗಿ ಕೊನೆಗೆ 280 ಬಂತು. ಎಂಜಿನ್ ಪುಟ್ಟದು. ಹಾಗಾಗಿ ಅದನ್ನು ಮುಂದಿನ ಆಕ್ಸಲ್‌ಗಿಂತ ಹಿಂದಕ್ಕೆ, ತಗ್ಗಿನಲ್ಲಿ ಕೂರಿಸಬಹುದಿತ್ತು. ಬಾನೆಟ್ಟನ್ನೂ ಅಷ್ಟು ಕೆಳಗೆ ಇಳಿಸಲು ಆಯಿತು. ಇಡೀ ಕಾರು 1,250ರಿಂದ 1,300 ಕೆಜಿ. ಅದೇ ಕಾಲದ ಟೊಯೊಟಾ ಸುಪ್ರಾ 1,500 ಕೆಜಿ ಆಸುಪಾಸು. ಹಗುರವಾದ ಮೂತಿ ಇರುವ ಕಾರು ತಿರುವಿನಲ್ಲಿ ಸ್ಟೇರಿಂಗ್ ಮಾತನ್ನು ಕೂಡಲೇ ಕೇಳುತ್ತದೆ. ಹೀಗೆ ಎಂಜಿನ್, ಆಕಾರ, ಓಡುವ ರೀತಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದನ್ನು ತೆಗೆದರೆ ಉಳಿದೆರಡಕ್ಕೆ ಕಾರಣವೇ ಇರುವುದಿಲ್ಲ.

1991ರಲ್ಲೇ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆ ರೇಸ್ ಗೆದ್ದಿತು. ಅಲ್ಲಿ ಗೆದ್ದ ಮೊದಲ ಜಪಾನಿ ಕಾರು ಅದು. ಟೊಯೊಟಾ ಅಲ್ಲಿ ಮೊದಲ ಸಲ ಗೆಲ್ಲಲು 2018 ಆಗಬೇಕಾಯಿತು.

ಹಾಗಿದ್ದರೆ ನಿಂತಿದ್ದು ಯಾಕೆ? ಜಪಾನಿನ ಹೊಗೆ ನಿಯಮ. ಹೊಸ ಮಟ್ಟ ಮುಟ್ಟದ ಕಾರುಗಳಿಗೆ 2002ರ ಆಗಸ್ಟ್ ಕೊನೆ ಗಡುವು. ಆರ್‌ಎಕ್ಸ್-7, ಸುಪ್ರಾ, ಸ್ಕೈಲೈನ್ ಜಿಟಿ-ಆರ್, ಸಿಲ್ವಿಯಾ, ನಾಲ್ಕೂ ಒಟ್ಟಿಗೆ ಹೋದವು. ರೋಟರಿಗೆ ಇದು ಬೇರೆಯವಕ್ಕಿಂತ ಕಷ್ಟ. ಉರಿಯುವ ಜಾಗ ಉದ್ದ, ತೆಳು, ಮೇಲಾಗಿ ರೋಟರ್ ಜೊತೆ ಸರಿಯುತ್ತಾ ಹೋಗುತ್ತದೆ. ಜ್ವಾಲೆ ಮೂಲೆ ತಲುಪುವಷ್ಟರಲ್ಲಿ ಸ್ವಲ್ಪ ಪೆಟ್ರೋಲ್ ಉರಿಯದೆ ಹೊರಗೆ ಹೋಗುತ್ತದೆ. ಗೋಡೆಗೆ ಹೋಗುವ ಶಾಖವೂ ಜಾಸ್ತಿ. ಸೀಲ್ ಸವೆಯಬಾರದು ಅಂತ ಒಳಗೆ ಸ್ವಲ್ಪ ಸ್ವಲ್ಪ ಆಯಿಲ್ ಬಿಡಲೇಬೇಕು, ಅದೂ ಉರಿದುಹೋಗುತ್ತದೆ. 2003ರಲ್ಲಿ ಬಂದ ಮುಂದಿನ ರೋಟರಿ ಕಾರು ಆರ್‌ಎಕ್ಸ್-8 ಕೂಡ ಇದೇ ಕಾರಣಕ್ಕೆ ಯುರೋಪಿನ ಮಾರುಕಟ್ಟೆ ಬಿಟ್ಟಿತು. 2012ರಲ್ಲಿ ಅದರ ತಯಾರಿಕೆಯೂ ನಿಂತಿತು.

ಯೆಜ್ಡಿ ಓಡಿಸಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಬಂಕಿನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಹಾಕಿಸಿದ ನೆನಪು ಇರುತ್ತಲ್ವಾ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಹಳೆಯದು ಆಯಿಲ್ ಉರಿಸುವ ಟೂ ಸ್ಟ್ರೋಕ್, ಹೊಸದರ ಎಂಜಿನ್ ಮಾತ್ರ ಫೋರ್ ಸ್ಟ್ರೋಕ್. ಬೈಕುಗಳು ಚೆನ್ನಾಗಿವೆ, ನಿಯಮಕ್ಕೆ ತಕ್ಕಂತೆ ಮಾಡಿದ್ದಾರೆ, ತಪ್ಪು ಹುಡುಕುತ್ತಿಲ್ಲ. ಆದರೆ ಹಳೇ ಯೆಜ್ಡಿಯ ಸದ್ದು ದೂರದಿಂದಲೇ ಗುರುತು ಸಿಗುತ್ತಿತ್ತು. ಹೊಸದರಲ್ಲಿ ಅದು ಇಲ್ಲ. ಆರ್‌ಎಕ್ಸ್-7ಗೆ ಹೀಗಾಗುವುದು ನನಗೆ ಬೇಡ.

ಬೇರೆ ಕಂಪನಿಗಳು ಏನು ಮಾಡಿವೆ ನೋಡಿ. 2019ರ ಸುಪ್ರಾ ಬಿಎಂಡಬ್ಲ್ಯೂ ಎಂಜಿನ್ ಹಾಕಿಕೊಂಡು ಬಂತು. ತುಂಬಾ ಜನ ಬೈದರು. ನಾನು ಅದನ್ನು ಒಪ್ಪುತ್ತೇನೆ. ಸುಪ್ರಾ ಅಂದರೆ ಮುಂದೆ ಸಾಲಾಗಿ ಆರು ಸಿಲಿಂಡರ್, ಹಿಂದಿನ ಚಕ್ರಕ್ಕೆ ಶಕ್ತಿ. ಅದನ್ನು ಉಳಿಸಿಕೊಂಡರು. ಇನ್ನೊಂದು ಕಡೆ ಫೋರ್ಡ್ 2024ರಲ್ಲಿ ತನ್ನ ಹಳೇ ಕೂಪೆ ಕ್ಯಾಪ್ರಿಯ ಹೆಸರನ್ನು ತಂದು ಫೋಕ್ಸ್‌ವ್ಯಾಗನ್ ಪ್ಲಾಟ್‌ಫಾರ್ಮಿನ ಒಂದು ಎಲೆಕ್ಟ್ರಿಕ್ ಎಸ್‌ಯುವಿಗೆ ಅಂಟಿಸಿತು. ಮಿತ್ಸುಬಿಷಿ ಎಕ್ಲಿಪ್ಸ್ ಕೂಪೆಯ ಹೆಸರನ್ನು ಎಕ್ಲಿಪ್ಸ್ ಕ್ರಾಸ್ ಅನ್ನುವ ಎಸ್‌ಯುವಿಗೆ ಕೊಟ್ಟಿತು. ಹಳೇ ಕಾರನ್ನು ಪ್ರೀತಿಸಿದವರಿಗೆ ಅಲ್ಲಿ ಏನೂ ಇಲ್ಲ. ಹೊಸದಾಗಿ ಕೊಳ್ಳುವವರಿಗೆ ಆ ಹೆಸರು ಬೇಕಾಗಿಯೂ ಇರಲಿಲ್ಲ.

ಈಗ ರೋಟರಿ ಸಾಧ್ಯವಾ ಅನ್ನೋ ಪ್ರಶ್ನೆ. ಸಾಧ್ಯ ಅಂತ ಮಜ್ದಾನೇ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಿದೆ. 2023ರಲ್ಲಿ ಎಂಎಕ್ಸ್-30 ಕಾರಿಗೆ 830 ಸಿಸಿಯ ಒಂದೇ ರೋಟರಿನ ಎಂಜಿನ್ ಹಾಕಿದರು. ಅದು ಚಕ್ರ ತಿರುಗಿಸುವುದಿಲ್ಲ, ಬ್ಯಾಟರಿಗೆ ಕರೆಂಟ್ ಮಾಡುತ್ತದೆ ಅಷ್ಟೇ. ಆದರೂ ನನಗೆ ಅದು ದೊಡ್ಡ ಸುದ್ದಿ. ಪೆಟ್ರೋಲನ್ನು ನೇರ ಉರಿಯುವ ಜಾಗಕ್ಕೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಹಾಕಿದ್ದಾರೆ. ಮೂಲೆಯ ಸೀಲನ್ನು 2 ಮಿಲಿಮೀಟರಿನಿಂದ 2.5ಕ್ಕೆ ದಪ್ಪ ಮಾಡಿದ್ದಾರೆ. ಪಕ್ಕದ ಗೋಡೆ ಅಲ್ಯೂಮಿನಿಯಂ. ಎಲ್ಲಕ್ಕಿಂತ ಮುಖ್ಯ, ಯುರೋಪಿನ ಈಗಿನ ಹೊಗೆ ಪರೀಕ್ಷೆ ಪಾಸಾಗಿ ಅದು ಮಾರಾಟಕ್ಕೆ ಹೋಯಿತು.

ಅದೇ ವರ್ಷ ಟೋಕಿಯೊದಲ್ಲಿ ಐಕಾನಿಕ್ ಎಸ್‌ಪಿ ಅನ್ನುವ ಮಾದರಿ ಕಾರು ತೋರಿಸಿದರು. ಎರಡು ರೋಟರ್, 370 ಎಚ್‌ಪಿ, 1,450 ಕೆಜಿ. ಫೋಟೋ ನೋಡಿದವರೆಲ್ಲ ಇದೇ ಹೊಸ ಆರ್‌ಎಕ್ಸ್-7 ಅಂದರು. 2024ರ ಫೆಬ್ರವರಿಯಲ್ಲಿ ರೋಟರಿಗಾಗಿಯೇ ಪ್ರತ್ಯೇಕ ತಂಡವನ್ನು ಮತ್ತೆ ಕಟ್ಟಿದರು. 2025ರ ಪ್ರದರ್ಶನದಲ್ಲಿ ಬಂದ ವಿಷನ್ ಎಕ್ಸ್-ಕೂಪೆ ಮಾತ್ರ ನನಗೆ ಸಮಾಧಾನ ಕೊಡಲಿಲ್ಲ. ಎರಡು ರೋಟರಿನ ಟರ್ಬೊ ಎಂಜಿನ್ ಜೊತೆ ಪ್ಲಗ್-ಇನ್ ಹೈಬ್ರಿಡ್ (ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿ ಮತ್ತು ಮೋಟಾರು), 510 ಎಚ್‌ಪಿ, ಉದ್ದ 5 ಮೀಟರ್ ದಾಟಿದೆ. ದೊಡ್ಡವರು ಆರಾಮಾಗಿ ಹೆದ್ದಾರಿಯಲ್ಲಿ ಹೋಗುವ ಕಾರು ಅದು. ಆರ್‌ಎಕ್ಸ್-7 ಆ ಜಾತಿ ಅಲ್ಲ.

ನನ್ನ ಕೈಲಿದ್ದರೆ ಹೀಗೆ ಮಾಡುತ್ತಿದ್ದೆ. ಎರಡು ರೋಟರ್, ಒಂದು ಟರ್ಬೊ, ಎಂಜಿನ್ನೇ ಚಕ್ರ ತಿರುಗಿಸಬೇಕು. ಜೊತೆಗೆ ಒಂದು ಸಣ್ಣ ಮೋಟಾರು, ಸಣ್ಣ ಬ್ಯಾಟರಿ. ರೋಟರಿಗೆ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಕಮ್ಮಿ, ಮೋಟಾರಿಗೆ ಅಲ್ಲೇ ಶಕ್ತಿ. ಹೊಗೆ ಜಾಸ್ತಿ ಬರುವುದು ತಣ್ಣಗಿರುವಾಗ ಮತ್ತು ಹೊರಡುವಾಗ. ಅಲ್ಲೂ ಮೋಟಾರು ಭಾರ ಹೊತ್ತರೆ ಎಂಜಿನ್ ಉಸಿರಾಡಬಹುದು. ತೂಕ 1,400 ಕೆಜಿ ದಾಟಬಾರದು. ಗೇರ್ ಕೈಯಲ್ಲೇ ಹಾಕುವಂತಿರಬೇಕು.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಮಜ್ದಾ ವರ್ಷಕ್ಕೆ 12-13 ಲಕ್ಷ ಕಾರು ಮಾರುವ ಕಂಪನಿ. ಒಂದು ಕೂಪೆಗಾಗಿ ಎಲ್ಲವನ್ನೂ ಹೊಸದಾಗಿ ಮಾಡಲು ಆಗುವುದಿಲ್ಲ. ಅವರ ಹತ್ತಿರ ಎಂಎಕ್ಸ್-5 ಇದೆ. 1989ರಿಂದ ನಿಲ್ಲದೆ ಬಂದಿರುವ ಪುಟ್ಟ ಎರಡು ಸೀಟಿನ ಕಾರು, 2016ಕ್ಕೇ ಅದರ ತಯಾರಿಕೆ 10 ಲಕ್ಷ ದಾಟಿತ್ತು. 2005ರ ಎಂಎಕ್ಸ್-5ಗೂ ಆರ್‌ಎಕ್ಸ್-8ಗೂ ಅಡಿಪಾಯ ಬಹುಮಟ್ಟಿಗೆ ಒಂದೇ ಆಗಿತ್ತು. ಅದನ್ನೇ ಮತ್ತೆ ಮಾಡಲಿ. ಮುಂದಿನ ಎಂಎಕ್ಸ್-5 ಮತ್ತು ಹೊಸ ಆರ್‌ಎಕ್ಸ್-7 ಎರಡನ್ನೂ ಒಟ್ಟಿಗೆ ಯೋಚಿಸಿ, ಒಂದೇ ಕಡೆ ಕಟ್ಟಲಿ. ಎಲೆಕ್ಟ್ರಾನಿಕ್ಸ್ ಟೊಯೊಟಾದಿಂದ ತಗೊಳ್ಳಲಿ, ಹೇಗೂ ಮಜ್ದಾದಲ್ಲಿ ಟೊಯೊಟಾಗೆ 5% ಪಾಲು ಇದೆ. ಎಂಜಿನ್ ಮಾತ್ರ ಹಿರೋಷಿಮಾದ್ದೇ ಆಗಿರಬೇಕು.

ಬೆಲೆಯ ಬಗ್ಗೆಯೂ ಒಂದು ಮಾತು. ಮೊದಲ ಆರ್‌ಎಕ್ಸ್-7 ಅಮೆರಿಕದಲ್ಲಿ ಶುರುವಿನಲ್ಲಿ 7,000 ಡಾಲರ್ ಒಳಗೆ ಸಿಗುತ್ತಿತ್ತು. ಮಾಮೂಲಿ ಸಂಬಳದವರೂ ಕೊಂಡರು. ಮೂರು ತಲೆಮಾರು ಸೇರಿ 8 ಲಕ್ಷಕ್ಕೂ ಹೆಚ್ಚು ಮಾರಿದರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಮೊದಲನೆಯದೇ. 30 ಸಾವಿರ ಡಾಲರ್ ದಾಟಿದ ಎಫ್‌ಡಿ 70 ಸಾವಿರ ಕಾರೂ ಆಗಲಿಲ್ಲ. ಎಲ್ಲರೂ ಎಫ್‌ಡಿ ಮತ್ತೆ ಬರಲಿ ಅನ್ನುತ್ತಾರೆ. ಮಜ್ದಾ ಲೆಕ್ಕ ಹಾಕುವಾಗ 1978ರ ಕಾರನ್ನು ಮುಂದಿಟ್ಟುಕೊಳ್ಳಲಿ ಅನ್ನೋದು ನನ್ನ ಆಸೆ.

ಎಲೆಕ್ಟ್ರಿಕ್ ಬಗ್ಗೆ ನನಗೆ ದ್ವೇಷ ಇಲ್ಲ. ಎಲೆಕ್ಟ್ರಿಕ್ ಮೋಟಾರೂ ಪುಟ್ಟದೇ, ಅದೂ ನುಣುಪಾಗಿ ತಿರುಗುತ್ತದೆ. ಆದರೆ ಬ್ಯಾಟರಿಯ ಭಾರ ಇನ್ನೂ ತುಂಬಾ ಇದೆ. ಮೋಟಾರನ್ನು ಇವತ್ತು ಪ್ರತಿ ಕಂಪನಿಯೂ ಮಾಡುತ್ತದೆ. ರೋಟರಿ ಕಾರನ್ನು ಮಾರುಕಟ್ಟೆಗೆ ತರುವ ದೊಡ್ಡ ಕಂಪನಿ ಮಜ್ದಾ ಒಂದೇ. ಈ ಕೆಲಸ ಬಲ್ಲವರಿಗೂ ವಯಸ್ಸಾಗುತ್ತಿದೆ. ಆರ್‌ಎಕ್ಸ್-8 ನಿಂತ ಮೇಲೆ ಮುಂದಿನ ರೋಟರಿ ಕಾರಿಗೆ ಹನ್ನೊಂದು ವರ್ಷ ಆಯಿತು. ಇನ್ನೊಂದು ಅಷ್ಟೇ ದೊಡ್ಡ ಬಿಡುವು ಬಂದರೆ ಕಲಿಸಿಕೊಡುವವರೇ ಇರುವುದಿಲ್ಲ. ಡ್ರಾಯಿಂಗ್ ನೋಡಿ ಸೀಲ್ ಮಾಡಬಹುದು. ಗೋಡೆಗೆ ಗೀರು ಬಿದ್ದಾಗ ಅದು ಯಾಕೆ ಬಿತ್ತು ಅಂತ ಹೇಳಲು ನೂರಾರು ಎಂಜಿನ್ ಬಿಚ್ಚಿದ ಮನುಷ್ಯ ಬೇಕು. ಮಜ್ದಾ ಈಗಲೇ ಶುರು ಮಾಡಬೇಕು ಅಂತ ನಾನು ಇಷ್ಟು ಒತ್ತಿ ಹೇಳಲು ಇದೇ ಕಾರಣ.

ಕೊನೆಯಲ್ಲಿ ನೀವು ಹಳೇ ಎಫ್‌ಡಿ ಒಂದನ್ನು ಬೆಂಗಳೂರಿಗೆ ತರಿಸಬಹುದಾ ಅಂತಲೂ ಕೇಳಿದ್ದೀರಿ. ಮಾಮೂಲಿ ದಾರಿಯಲ್ಲಿ ಆಗುವುದಿಲ್ಲ. ನಮ್ಮ ಆಮದು ನಿಯಮದಲ್ಲಿ ಬಳಸಿದ ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು. ಮಜ್ದಾ ತನ್ನ ಕಾರುಗಳನ್ನು ಭಾರತದಲ್ಲಿ ಮಾರುತ್ತಲೂ ಇಲ್ಲ. ಜಪಾನಿಗೆ ಹೋಗುವ ಅವಕಾಶ ಸಿಕ್ಕರೆ ಹಿರೋಷಿಮಾದ ಮಜ್ದಾ ಮ್ಯೂಸಿಯಂಗೆ ಹೋಗಿ ಬನ್ನಿ. ಕಾಸ್ಮೋ ಸ್ಪೋರ್ಟ್, 787ಬಿ ಎರಡೂ ಅಲ್ಲಿ ನೋಡಲು ಸಿಗುತ್ತವೆ. ಸುಮ್ನೆ ಹೋದರೆ ಒಳಗೆ ಬಿಡುವುದಿಲ್ಲ, ಮೊದಲೇ ಬುಕ್ ಮಾಡಿಕೊಳ್ಳಿ.