ಪೇಂಟ್ ಕಲಸೋಕೆ ಯಾವ ಕಪ್ ಆಗುತ್ತೆ
ಪ್ಲಾಸ್ಟಿಕ್ ಮಾಡೆಲ್‌ಗೆ ಹಚ್ಚೋಕೆ ಮೊಸರಿನ ಕಪ್ಪಲ್ಲಿ ಪೇಂಟ್ ಕಲಸಿದ್ರೆ ತಳ ಮೆತ್ತಗಾಗಿ ಪೇಂಟೆಲ್ಲ ನೂಲು ನೂಲಾಗಿ ಅಂಟಂಟಾಯ್ತು ಅಂದ್ರಲ್ಲ, ಅದು ಪೇಂಟ್ ಕೆಟ್ಟಿದ್ದಲ್ಲ, ಪೇಂಟ್ ತೆಳು ಮಾಡೋಕೆ ಹಾಕೋ ಲ್ಯಾಕರ್ ಥಿನ್ನರ್ ಕಪ್ಪನ್ನೇ ಕರಗಿಸಿರತ್ತೆ. ನಿಮ್ಮ ಕಪ್ ನೋಡದೆ ಗ್ಯಾರಂಟಿ ಹೇಳೋಕಾಗಲ್ಲ, ಆದ್ರೆ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ ಇರ್ಬೇಕು. ಮಾಡೆಲ್ ಕಿಟ್ ಮಾಡೋದೂ ಸಾಮಾನ್ಯವಾಗಿ ಅದ್ರಲ್ಲೇ, ಮಾಡೆಲ್ ಸಿಮೆಂಟ್ ಅನ್ನೋ ಅಂಟು ಹಚ್ಚಿದ್ರೆ ಪಾರ್ಟ್ ಕರಗಿ ಅಂಟ್ಕೊಳ್ಳತ್ತಲ್ಲ, ಇಲ್ಲೂ ಅದೇ ಕಥೆ.

ಮೊದ್ಲು ಆ ಪೇಂಟ್ ಎಸೀರಿ, ಪ್ಲಾಸ್ಟಿಕ್ ಕರಗಿ ಸೇರಿದೆ, ಪೇಂಟ್ ಸಿಂಪಡಿಸೋ ಏರ್‌ಬ್ರಶ್‌ಗೆ ಹಾಕಿದ್ರೆ ನಾಜಲ್ ಕಟ್ಕೊಳ್ಳತ್ತೆ. ಆಮೇಲೆ ಮನೇಲಿರೋ ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗಿನ ನಂಬರ್ ನೋಡಿ. 6 ಇದ್ರೆ ಪಾಲಿಸ್ಟೈರೀನ್, ಥಿನ್ನರ್‌ಗೆ ಬೇಡ. 5 ಅಥವಾ 2 ಇದ್ರೆ ಕಲಸೋ ಅಷ್ಟು ಹೊತ್ತಿಗೆ ತೊಂದ್ರೆ ಇಲ್ಲ. ಸಿರಪ್ ಬಾಟ್ಲಿ ಜೊತೆ ಬರೋ ಅಳತೆ ಮುಚ್ಚಳ ಹೆಚ್ಚಾಗಿ 5ರದ್ದೇ, ಎಂಎಲ್ ಗೆರೆ ಬೇರೆ ಇರತ್ತೆ, ನಂಗಂತೂ ದುಡ್ಡು ಕೊಟ್ಟು ತಗೊಂಡ ಕಪ್ಪಿಗಿಂತ ಅದೇ ಇಷ್ಟ. ಒಮ್ಮೆ ಪೇಂಟ್ ಹಾಕಿದ್ಮೇಲೆ ಮತ್ತೆ ಔಷಧಿಗೆ ಬಳಸ್ಬೇಡಿ ಅಷ್ಟೆ. ನಂಬರ್ ಇಲ್ದಿದ್ರೆ ಒಳಗೆ ಎರಡು ಹನಿ ಥಿನ್ನರ್ ಬಿಟ್ಟು ಹತ್ತು ನಿಮಿಷ ಆದ್ಮೇಲೆ ಕಡ್ಡೀಲಿ ಕೆರೀರಿ, ಮಂಕಾಗಿದ್ರೆ ಅಥವಾ ಅಂಟಿದ್ರೆ ಬಿಟ್ಬಿಡಿ.

ಮಾತ್ರೆ ಖಾಲಿಯಾದ ಸ್ಟ್ರಿಪ್‌ನ ಗುಳಿಗಳು ನೀರಲ್ಲಿ ಕಲಸೋ ಅಕ್ರಿಲಿಕ್‌ಗೆ ಮಾತ್ರ. ಕಲಸಿಟ್ಟು ನಾಳೆಗೂ ಬೇಕು ಅಂದ್ರೆ ಪ್ಲಾಸ್ಟಿಕ್ ಬೇಡ, ಸಣ್ಣ ಗಾಜಿನ ಬಾಟ್ಲಿಗೇ ಹಾಕಿ ಮುಚ್ಚಿಡಿ.