ಕಾಸರಗೋಡು ಯಾಕೆ ಪಟ್ಟಿಯಲ್ಲಿಲ್ಲ?

ಪ್ರಶ್ನೆ: ಕಾಸರಗೋಡು ಹಿಂದುಳಿದ ಜಿಲ್ಲೆ ಅಂತ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಆದರೆ ಕೇಂದ್ರದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಯಲ್ಲಿ ಕೇರಳದಿಂದ ವಯನಾಡು ಮಾತ್ರ ಇದೆ. ಇದಕ್ಕೆ ಲೆಕ್ಕ ಅಂತ ಏನಾದರೂ ಇದೆಯಾ, ಅಥವಾ ಎಲ್ಲ ರಾಜಕೀಯವಾ?
– ಓದುಗರೊಬ್ಬರು, ಪೈವಳಿಕೆ

ಉತ್ತರ: ರಾಜಕೀಯ ಇಲ್ಲವೇ ಇಲ್ಲ ಅಂದರೆ ನೀವೇ ನಗುತ್ತೀರಿ. ಆದರೆ ಲೆಕ್ಕವೂ ಇದೆ. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತುವ ಈ ಯೋಜನೆ ಶುರುವಾದದ್ದು 2018ರ ಜನವರಿಯಲ್ಲಿ. ಜಿಲ್ಲೆಗಳನ್ನು ಅಳೆಯುವಾಗ ನೂರರಲ್ಲಿ 25 ಅಂಕ ಇಟ್ಟಿದ್ದು ಭೂಮಿಯಿಲ್ಲದೆ ಕೂಲಿಯನ್ನೇ ನಂಬಿದ ಕುಟುಂಬಗಳ ಲೆಕ್ಕಕ್ಕೆ. ಉಳಿದದ್ದು ಬಸಿರಿಯರ ತಪಾಸಣೆ, ಆಸ್ಪತ್ರೆ ಹೆರಿಗೆ, ಮಕ್ಕಳ ಬೆಳವಣಿಗೆ, ಶಾಲೆ ಬಿಟ್ಟವರು, ಕರೆಂಟು, ಶೌಚಾಲಯ, ರಸ್ತೆ, ನೀರು ಇಂಥವಕ್ಕೆ. ಈಗ ಪಟ್ಟಿಯಲ್ಲಿರುವುದು 112 ಜಿಲ್ಲೆ, ಅದರಲ್ಲಿ ಕೇರಳಕ್ಕೆ ಒಂದೇ ಸೀಟು. ಆದಿವಾಸಿಗಳು ಜಾಸ್ತಿ ಇರುವ ವಯನಾಡಿನ ಎದುರು ನಾವು ಆ ಸೀಟು ಗೆಲ್ಲುವುದು (ಇದನ್ನು ಗೆಲುವು ಅನ್ನಬೇಕೋ ಬೇಡವೋ!) ಕಷ್ಟವೇ ಇತ್ತು. ಅದಕ್ಕೂ ಮೊದಲು, 2006-07ರಲ್ಲಿ ಹಿಂದುಳಿದ ಪ್ರದೇಶಗಳ ಅನುದಾನ ನಿಧಿಗೆ 250 ಜಿಲ್ಲೆ ಆರಿಸಿದಾಗಲೂ ಕೇರಳದಿಂದ ಹೋದದ್ದು ವಯನಾಡು ಮತ್ತು ಪಾಲಕ್ಕಾಡು.

ನನ್ನ ತಕರಾರು ಇರುವುದು ಅಳತೆಗೋಲಿನ ಮೇಲೆ. ‘ಆಸ್ಪತ್ರೆ ಹೆರಿಗೆ’ಯನ್ನೇ ನೋಡಿ. ಮಂಜೇಶ್ವರದ ಹೆಂಗಸು ನೋವು ಬಂದ ಕೂಡಲೇ ಜೀಪು ಹತ್ತಿ ರಾಜ್ಯದ ಗಡಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾಳೆ, ಬಿಲ್ಲು ಕೈಯಿಂದ ಕಟ್ಟುತ್ತಾಳೆ. ಸರ್ವೆಯವರು ಮನೆಗೆ ಬಂದಾಗ ಹೆರಿಗೆ ಆಸ್ಪತ್ರೆಯಲ್ಲಿ ಆಯಿತು ಅಂತ ಬರೆಸುತ್ತಾಳೆ. ಸರಿ, ನಮ್ಮ ಜಿಲ್ಲೆ ಪಾಸು! ಆಸ್ಪತ್ರೆ ಯಾವ ರಾಜ್ಯದ್ದು, ಎಷ್ಟು ದೂರ ಅನ್ನುವುದಕ್ಕೆ ಅಲ್ಲಿ ಅಂಕವೇ ಇಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ ತಲಪಾಡಿ ರಸ್ತೆ ಮುಚ್ಚಿತು, ಆಂಬುಲೆನ್ಸನ್ನೂ ಬಿಡಲಿಲ್ಲ, ರೋಗಿಗಳು ಸತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಾವು ನಿಜಕ್ಕೂ ಎಷ್ಟು ಹಿಂದೆ ಇದ್ದೇವೆ ಅಂತ ಆ ದಿನಗಳು ತೋರಿಸಿದಷ್ಟು ಯಾವ ಸೂಚ್ಯಂಕವೂ ತೋರಿಸಿಲ್ಲ.

ಇನ್ನೊಂದು, ಜಿಲ್ಲೆಯ ಸರಾಸರಿ. ಕಾಞಂಗಾಡಿನ ಪೇಟೆಯನ್ನೂ ಎಣ್ಮಕಜೆಯ ಗುಡ್ಡವನ್ನೂ ಕೂಡಿಸಿ ಭಾಗಿಸಿದರೆ ಎಣ್ಮಕಜೆ ಎಲ್ಲಿ ಕಾಣಬೇಕು? ಪ್ರಾದೇಶಿಕ ಅಸಮಾನತೆ ಅಳೆಯಲು ಕರ್ನಾಟಕ ನೇಮಿಸಿದ ಡಾ. ನಂಜುಂಡಪ್ಪ ಸಮಿತಿ ಈ ವಿಷಯದಲ್ಲಿ ಜಾಣತನ ಮಾಡಿತ್ತು. ಜಿಲ್ಲೆ ಬಿಟ್ಟು ತಾಲೂಕು ಹಿಡಿಯಿತು. 35 ಸೂಚಕ ಇಟ್ಟು, ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ತೀರಾ ಹಿಂದೆ ಅಂತ 2002ರಲ್ಲಿ ವರದಿ ಕೊಟ್ಟಿತು. ಕೇಂದ್ರವೂ 2023ರಲ್ಲಿ ಬ್ಲಾಕ್ (ಕೆಲವು ಪಂಚಾಯತುಗಳ ಗುಂಪು) ಮಟ್ಟಕ್ಕೆ ಇಳಿದು ಬೇರೆಯೇ ಪಟ್ಟಿ ಮಾಡಿತು. ತಕ್ಷಣ ನೋಡಿ, ನಮ್ಮ ಜಿಲ್ಲೆಯ ಪರಪ್ಪ ಬ್ಲಾಕ್ ಆ ಪಟ್ಟಿಯೊಳಗೆ ಬಂತು.

ಹಾಗಂತ ಎಲ್ಲ ಹಣವೂ ಪಟ್ಟಿಯಿಂದಲೇ ಬರುವುದಿಲ್ಲ. ಜಿಲ್ಲೆಯ ಅಭಿವೃದ್ಧಿಗೆಂದೇ ಇರುವ ಕಾಸರಗೋಡು ಪ್ಯಾಕೇಜ್ ಬಂದದ್ದು ಜನ ವರ್ಷಗಟ್ಟಲೆ ಗಲಾಟೆ ಮಾಡಿ, ಕೇರಳ ಸರ್ಕಾರ ಪ್ರಭಾಕರನ್ ಆಯೋಗ ನೇಮಿಸಿ, ಅದು 2012ರಲ್ಲಿ ವರದಿ ಕೊಟ್ಟ ಮೇಲೆ. ಮಂಜೇಶ್ವರ, ವೆಳ್ಳರಿಕುಂಡ್ ತಾಲೂಕುಗಳಾದದ್ದೂ ಅದರ ನಂತರವೇ. ಆದ್ದರಿಂದ ದೆಹಲಿಯ ಪಟ್ಟಿ ನೋಡಿ ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ವಾರ್ಡಿನ ಗ್ರಾಮಸಭೆಗೆ ಹೋಗಿ. ‘ನಾವು ಹಿಂದುಳಿದಿದ್ದೇವೆ’ ಅಂತ ಭಾಷಣ ಬೇಡ. ಹತ್ತಿರದ ಹೆರಿಗೆ ಆಸ್ಪತ್ರೆ ಎಷ್ಟು ಕಿಲೋಮೀಟರು, ಮಳೆಗಾಲದಲ್ಲಿ ಯಾವ ತೋಡು ದಾಟಲಾಗುವುದಿಲ್ಲ ಅಂತ ಬರೆದು ಕೊಡಿ, ನಿರ್ಣಯ ಪುಸ್ತಕದಲ್ಲಿ ದಾಖಲಾಯಿತಾ ಅಂತ ಕಣ್ಣಾರೆ ನೋಡಿ. ಅರ್ಜಿ ಕನ್ನಡದಲ್ಲೇ ಇರಲಿ, ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ.

ಪ್ರಶ್ನೆ: ನಾವು ಗಡಿಯವರು ಅಲ್ವಾ? ಕೇಂದ್ರದ ಗಡಿ ಪ್ರದೇಶ ಅಭಿವೃದ್ಧಿ ಹಣ ನಮಗೆ ಯಾಕಿಲ್ಲ?
– ಓದುಗರೊಬ್ಬರು, ವರ್ಕಾಡಿ

ಉತ್ತರ: ಅದು ದೇಶದ ಗಡಿಗೆ, ಅಂದರೆ ಪಾಕಿಸ್ತಾನ, ಬಾಂಗ್ಲಾದೇಶದಂಥ ದೇಶಗಳ ಕಡೆಯ ಊರುಗಳಿಗೆ. ರಾಜ್ಯಗಳ ನಡುವಿನ ಗಡಿಗೆ ಅದರಲ್ಲಿ ಕಾಸಿಲ್ಲ. ಬೆಂಗಳೂರಿನ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬೇರೆ. ಕನ್ನಡ ಶಾಲೆ, ಸಂಘಸಂಸ್ಥೆಗಳಿಗೆ ಅಲ್ಲಿ ಅರ್ಜಿ ಹಾಕಬಹುದು, ಸೇತುವೆ ಕೇಳಬೇಕಾದರೆ ತಿರುವನಂತಪುರವನ್ನೇ ಕೇಳಬೇಕು.